ನಿಮ್ಮ ಕೈಕೆಲಸಕ್ಕೊಂದು ಇ-ಪೋರ್ಟ್‌ಫೋಲಿಯೊ: ಐಟಿಐ ಕಲಿಯುವವರಿಗೆ

ಫಿಟ್ಟರ್ ಟ್ರೇಡ್‌ನಲ್ಲಿ ಎರಡು ವರ್ಷ ಕಲಿಯುತ್ತೀರಿ. ಅಷ್ಟು ದಿನದಲ್ಲಿ ಎಷ್ಟೋ ಜಾಬ್ (ಅಭ್ಯಾಸಕ್ಕೆಂದು ಲೋಹದಲ್ಲಿ ಮಾಡುವ ತುಂಡುಗಳು) ಮಾಡುತ್ತೀರಿ. ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಸರ್ಟಿಫಿಕೇಟ್ ಮಾತ್ರ. ಮಾಡಿದ ಜಾಬ್‌ಗಳು ಗುಜರಿಗೆ ಹೋಗಿರುತ್ತವೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಕಡೆ ಸಂದರ್ಶನಕ್ಕೆ ಹೋದಾಗ ‘ಏನೇನು ಮಾಡಿದ್ದೀಯಪ್ಪ?’ ಎಂದರೆ ತೋರಿಸಲು ಏನೂ ಇರುವುದಿಲ್ಲ. ಒಳ್ಳೆಯ ಕೈ ಇರುವ ಹುಡುಗ ಹುಡುಗಿಯರು ಹೀಗೆ ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇ-ಪೋರ್ಟ್‌ಫೋಲಿಯೊ ಎಂದರೆ ದೊಡ್ಡದೇನಲ್ಲ. ನೀವು ಮಾಡಿದ ಕೆಲಸದ ಫೋಟೊ, ಅದರ ಬಗ್ಗೆ ನಾಲ್ಕು ಮಾತು, ಎಲ್ಲಾ ಒಂದೇ ಲಿಂಕಿನಲ್ಲಿ. ಕೈಯಲ್ಲಿರುವ ಫೋನ್ ಸಾಕು.

1. ನಿಮ್ಮದೇ ಇಮೇಲ್ ಇರಲಿ

ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ಇಮೇಲ್ ಬೇಡ. ಅದರ ಪಾಸ್‌ವರ್ಡ್ ನಿಮಗೆ ನೆನಪಿರುವುದಿಲ್ಲ, ಒಟಿಪಿ ಅಂಗಡಿಯವರ ನಂಬರಿಗೆ ಹೋಗುತ್ತದೆ. ಕಾಲೇಜು ಕೊಟ್ಟ ಇಮೇಲ್ ಕೂಡ ಬೇಡ, ಕೋರ್ಸ್ ಮುಗಿದ ಮೇಲೆ ಅದು ಮುಚ್ಚಿಹೋಗಬಹುದು. ನಿಮ್ಮ ನಂಬರಿನಲ್ಲೇ ಹೊಸ ಜಿಮೇಲ್ ತೆರೆಯಿರಿ. 15 ಜಿಬಿ ಜಾಗ ಪುಕ್ಕಟೆ ಸಿಗುತ್ತದೆ. ಆದರೆ ಎರಡು ವರ್ಷ ಅದನ್ನು ಮುಟ್ಟದೇ ಬಿಟ್ಟರೆ ಗೂಗಲ್ ಖಾತೆಯನ್ನೇ ಅಳಿಸಬಹುದು. ಆಗಾಗ ತೆರೆಯುತ್ತಿರಿ.

2. ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ

ನಿಮ್ಮ ಹೆಸರು, ಟ್ರೇಡ್ ಬರೆದು ಹೆಸರಿಡಿ. ಒಳಗೆ ಒಂದೊಂದು ಜಾಬ್‌ಗೆ ಒಂದೊಂದು ಗೂಗಲ್ ಡಾಕ್ಸ್ ಪುಟ. ‘ಸುಂದರ ಪೋರ್ಟ್‌ಫೋಲಿಯೊ’ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳ ಸಹವಾಸ ಬೇಡವೇ ಬೇಡ. ಮೊದಲು ಫ್ರೀ ಅಂತಾರೆ, ಆಮೇಲೆ ದುಡ್ಡು ಕೇಳಿ ನಿಮ್ಮ ಪುಟಕ್ಕೇ ಬೀಗ ಹಾಕುತ್ತಾರೆ.

3. ಫೋಟೊ ತೆಗೆಯುವುದು

ಒಂದು ಜಾಬ್‌ಗೆ ಮೂರು ಫೋಟೊ: ಮಾರ್ಕಿಂಗ್ ಆದ ಮೇಲೆ, ಅರ್ಧ ಕೆಲಸ ಆದಾಗ, ಮುಗಿದ ಮೇಲೆ. ಮುಗಿದ ಜಾಬ್ ಜೊತೆ ವರ್ನಿಯರ್ ಇಟ್ಟು, ಅಳತೆ ಓದುವಂತೆ ತೆಗೆಯಿರಿ. ಕಿಟಕಿ ಬೆಳಕು ಒಳ್ಳೆಯದು. ಫ್ಲ್ಯಾಶ್ ಹಾಕಿದರೆ ಉಕ್ಕು ಹೊಳೆದು ಏನೂ ಕಾಣುವುದಿಲ್ಲ. ಬರ್ (ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆದು, ಎಣ್ಣೆ ಒರೆಸಿ ಆಮೇಲೆ ಕ್ಲಿಕ್ ಮಾಡಿ. ಮಾಮೂಲಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ವರ್ನಿಯರ್ ಗೆರೆ ಮಸುಕಾಗುತ್ತದೆ. ಕ್ಯಾಮೆರಾದಿಂದ ನೇರ ಡ್ರೈವ್‌ಗೆ ಹಾಕಿ.

ಅಪ್ರೆಂಟಿಸ್ ಆಗಿ ಕಂಪನಿಗೆ ಹೋಗಿದ್ದರೆ ಮೇಲ್ವಿಚಾರಕರನ್ನು ಕೇಳದೆ ಒಂದು ಫೋಟೊನೂ ಬೇಡ. ಡ್ರಾಯಿಂಗ್ ಶೀಟ್ ಅಂತೂ ಮುಟ್ಟಲೇಬೇಡಿ. ಅದು ಕಂಪನಿಯ ಇಲ್ಲವೇ ಗ್ರಾಹಕರ ಸ್ವತ್ತು.

4. ಫೋಟೊ ಕೆಳಗೆ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ‘ಈ ಜಾಬ್‌ನಿಂದ ತುಂಬಾ ಕಲಿತೆ, ಒಳ್ಳೆಯ ಅನುಭವವಾಯಿತು’ ಎಂದು ಬರೆದು ಮುಗಿಸುತ್ತಾರೆ. ಒಂದೇ ಬ್ಯಾಚ್‌ನ ಹತ್ತು ಜನರ ಪುಟದಲ್ಲಿ ಇದೇ ಸಾಲು ಇರುತ್ತದೆ. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಏನು ಮಾಡಿದಿರಿ, ಎಲ್ಲಿ ತಪ್ಪಾಯಿತು, ಯಾಕೆ ತಪ್ಪಾಯಿತು, ಹೇಗೆ ಸರಿ ಮಾಡಿದಿರಿ? ಇಷ್ಟೇ ಬೇಕು. ವಿ ಫಿಟ್ಟಿಂಗ್, ಅಂದರೆ ವಿ ಆಕಾರದಲ್ಲಿ ಎರಡು ತುಂಡು ಸಂದಿಲ್ಲದಂತೆ ಕೂಡುವ ಜಾಬ್ ಮಾಡಿದ್ದೀರಿ ಎಂದುಕೊಳ್ಳಿ. ಸಂದು ಅಳೆಯಲು ಫೀಲರ್ ಗೇಜ್‌ನ ತೆಳು ಉಕ್ಕಿನ ಎಲೆಗಳಿರುತ್ತವೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಎಂ.ಎಸ್. (ಮೈಲ್ಡ್ ಸ್ಟೀಲ್) ಫ್ಲಾಟ್, 10 ಎಂಎಂ ದಪ್ಪ. ಎರಡು ತುಂಡು ಕೂಡಿಸಿ ಬೆಳಕಿಗೆ ಹಿಡಿದಾಗ ಎಡ ಇಳಿಜಾರಿನ ತುದಿಯಲ್ಲಿ ಬೆಳಕು ಕಂಡಿತು. ಫೀಲರ್ ಗೇಜ್‌ನ 0.15 ಎಂಎಂ ಎಲೆ ಒಳಗೆ ಹೋಯಿತು, 0.20 ಹೋಗಲಿಲ್ಲ. ಅರ ತಳ್ಳುವಾಗ ಕೈ ತೂಗಿ, ಮಧ್ಯ ಉಬ್ಬಿ ಅಂಚು ಇಳಿದಿತ್ತು. ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ ಉಬ್ಬಿದ ಜಾಗ ಗುರುತಿಸಿದೆ. ಅಷ್ಟನ್ನೇ ಸ್ಮೂತ್ ಅರದಿಂದ ತೆಗೆದೆ. ಈಗ 0.05 ಎಲೆಯೂ ಹೋಗುತ್ತಿಲ್ಲ. ಇನ್ನೊಮ್ಮೆ ಮಾಡಿದರೆ ಮೊದಲಿನಿಂದಲೇ ನಡುನಡುವೆ ಟ್ರೈ ಸ್ಕ್ವೇರ್ ಹಿಡಿದು ನೋಡುತ್ತೇನೆ.’

ನೋಡಿ, ಇದರಲ್ಲಿ ಒಂದೂ ದೊಡ್ಡ ಮಾತಿಲ್ಲ. ಆದರೆ ಈ ಕೈಗೆ ಅರ ಗೊತ್ತು, ಗೇಜ್ ಗೊತ್ತು, ತಪ್ಪು ಹುಡುಕುವುದು ಗೊತ್ತು ಎಂದು ವರ್ಕ್‌ಶಾಪ್‌ನಲ್ಲಿ ಬೆಳೆದ ಯಾರಿಗಾದರೂ ತಕ್ಷಣ ತಿಳಿಯುತ್ತದೆ. ತಪ್ಪು ಬರೆದರೆ ಕೆಲಸ ಕೊಡಲ್ಲ ಎಂದು ಹೆದರುವವರು ಜಾಸ್ತಿ. ಹೆದರಬೇಡಿ. ತಪ್ಪೇ ಇಲ್ಲದ ಪುಟ ಕಂಡರೆ ‘ಇದನ್ನು ಇವನೇ ಮಾಡಿದ್ದಾ?’ ಎಂಬ ಅನುಮಾನ ಬರುತ್ತದೆ.

ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಬೇಕೆಂದು ಎಐ ಕೈಯಲ್ಲಿ ಬರೆಸಿದರೆ ಸಂದರ್ಶನದಲ್ಲಿ ಅದೇ ಸಾಲನ್ನು ವಿವರಿಸು ಅಂತಾರೆ, ಆಗ ಬಾಯಿ ಕಟ್ಟುತ್ತದೆ. ಕನ್ನಡದ ಪುಟದ ಕೆಳಗೆ ಇಂಗ್ಲಿಷ್‌ನಲ್ಲಿ ಎರಡು ಸಾಲು ನೀವೇ ಸೇರಿಸಿದರೆ ಸಾಕು. ಮತ್ತೆ, ಜಾಬ್ ಮುಗಿದ ದಿನವೇ ಬರೆಯಿರಿ. ವಾರ ಬಿಟ್ಟರೆ ಯಾವ ಎಲೆ ಹೋಯಿತು, ಯಾವುದು ಹೋಗಲಿಲ್ಲ ಎನ್ನುವುದು ಮರೆತಿರುತ್ತದೆ.

5. ಎಂಟನ್ನು ಮಾತ್ರ ಆರಿಸಿ

ಎಲ್ಲಾ ತುಂಬಿಸಬೇಡಿ. ಹ್ಯಾಕ್ಸಾ, ಫೈಲಿಂಗ್, ಡ್ರಿಲ್ಲಿಂಗ್, ಫಿಟ್ಟಿಂಗ್ ಹೀಗೆ ಬೇರೆ ಬೇರೆ ಕೆಲಸದ ಎಂಟು ಪುಟ ಇರಲಿ.

6. ಲಿಂಕ್ ಕೊಡುವುದು

ಫೋಲ್ಡರ್‌ನ ಶೇರ್ ಒತ್ತಿ, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂದು ಬದಲಿಸಿ. ‘ನೋಡುವವರು’ ಅಂತ ಇರಲಿ, ‘ತಿದ್ದುವವರು’ ಬೇಡ. ಇದನ್ನು ಮರೆತರೆ ಅತ್ತ ಕಡೆಯವರಿಗೆ ‘ಅನುಮತಿ ಬೇಕು’ ಎಂಬ ಪುಟ ಬರುತ್ತದೆ. ನಿಮಗೆ ಫೋನ್ ಮಾಡಿ ಕೇಳುವಷ್ಟು ಪುರಸೊತ್ತು ಅವರಿಗಿರಲ್ಲ, ಮುಂದಿನ ಬಯೋಡೇಟಾ ಎತ್ತಿಕೊಳ್ಳುತ್ತಾರೆ. ಕಳಿಸುವ ಮೊದಲು ಸ್ನೇಹಿತರ ಫೋನಿನಲ್ಲಿ ತೆರೆದು ನೋಡಿ. ನಿಮ್ಮ ಫೋನಿನಲ್ಲಿ ಅದು ಯಾವಾಗಲೂ ತೆರೆಯುತ್ತದೆ, ಅದನ್ನು ನಂಬಬೇಡಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್ ಈ ಫೋಲ್ಡರ್‌ನಲ್ಲಿ ಇಡಲೇಬಾರದು. ಅಂಕಪಟ್ಟಿಗೆ ಡಿಜಿಲಾಕರ್ ಇದೆ, ಕೇಳಿದವರಿಗೆ ಅಲ್ಲಿಂದ ತೆಗೆದು ಕೊಡಿ.

ಕೊನೆಗೆ ಬಯೋಡೇಟಾದ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್. ಆ್ಯಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಆ ಲಿಂಕ್ ತೆರೆದು ಶೇರ್ ಒತ್ತಿದರೆ ಅಲ್ಲೇ ಸಿಗುತ್ತದೆ. ಬೇರೆ ಆ್ಯಪ್‌ಗಳ ಕೆಲವು ಕೋಡ್ ಅವರ ಸೈಟ್ ಮೂಲಕ ಹೋಗುತ್ತವೆ, ಟ್ರಯಲ್ ಮುಗಿದ ದಿನ ನಿಂತೇಹೋಗುತ್ತವೆ. ಮೊದಲು ಒಂದೇ ಪ್ರಿಂಟ್ ತೆಗೆಸಿ, ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ಹತ್ತು ಜೆರಾಕ್ಸ್ ಹೇಳಿ.