ಉಡಿದಾರದ ಕೊಂಡಿಯಿಂದ ಒಂದು ಕಿಲ್ಟ್ ಪಿನ್

ಕಿಲ್ಟ್ ಪಿನ್ನನ್ನು ನಾನು ಮೊದಲ ಸಲ ಚುಚ್ಚಿದ್ದೇ ತಪ್ಪಾಗಿ. ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲವರೆಗಿನ ನಿರಿಗೆಯ ಉಡುಪು. ಸೆರಗನ್ನು ರವಿಕೆಗೆ ಸೇರಿಸಿ ಪಿನ್ನು ಹಾಕಿ ಅಭ್ಯಾಸವಾದ ಕೈ ನನ್ನದು. ಮಗನ ಮದುವೆಯ ಕಿಲ್ಟಿನ ಹೊರ ಪದರವನ್ನೂ ಒಳ ಪದರವನ್ನೂ ಸೇರಿಸಿ ಚುಚ್ಚಿದೆ. ಅವನು ಎರಡು ಹೆಜ್ಜೆ ಇಡುತ್ತಲೇ ಬಟ್ಟೆ ಓರೆಯಾಗಿ ಎಳೆದುಕೊಂಡಿತು. ಎಡಿನ್‌ಬರಾದಲ್ಲಿ ಅದನ್ನು ಹೊಲಿದುಕೊಟ್ಟ ಹೆಂಗಸು ಕೂಡಲೇ ಬಂದು ಪಿನ್ನು ಬಿಚ್ಚಿ, ಬೆರಳಿನಲ್ಲಿ ಅಳೆದು ತೋರಿಸಿದರು. ತೊಟ್ಟವನ ಬಲಗಡೆ, ಕೆಳ ಅಂಚಿನಿಂದ ಸುಮಾರು ನಾಲ್ಕು ಅಂಗುಲ ಮೇಲೆ, ದಾರದ ಕುಚ್ಚು ಬಿಟ್ಟ ಅಂಚಿನಿಂದ ಎರಡು ಅಂಗುಲ ಒಳಗೆ, ಹೊರ ಪದರಕ್ಕೆ ಮಾತ್ರ. ಪಿನ್ನು ಇರುವುದು ಪದರಗಳನ್ನು ಕೂಡಿಸಲು ಅಲ್ಲ, ತನ್ನ ಭಾರದಿಂದ ಹೊರ ಪದರವನ್ನು ಗಾಳಿಗೆ ಹಾರದಂತೆ ಹಿಡಿಯಲು. ವಿಕ್ಟೋರಿಯಾ ರಾಣಿ ಗಾಳಿಯ ದಿನವೊಂದರಲ್ಲಿ ಸೈನಿಕನೊಬ್ಬನ ಕಿಲ್ಟಿಗೆ ತನ್ನದೇ ಪಿನ್ನನ್ನು ತೆಗೆದು ಚುಚ್ಚಿದಳು ಎಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದು ಕಥೆಯೇ ಇರಬಹುದು. ಆದರೆ ಗಾಳಿಯಂತೂ ನಿಜ.

ಕಿಲ್ಟಿಗೆ ಸುಮಾರು ಎಂಟು ಗಜ ಉಣ್ಣೆ ಬಟ್ಟೆ ಹಿಡಿಯುತ್ತದೆ. ಹೆಚ್ಚಿನದೆಲ್ಲ ಹಿಂದಿನ ನಿರಿಗೆಗೆ ಹೋಗುತ್ತದೆ. ಮುಂದೆ ಮಾತ್ರ ಒಂದರ ಮೇಲೊಂದು ಎರಡು ಪದರ, ನಿರಿಗೆಯಿಲ್ಲದೆ ಚಪ್ಪಟೆ. ನಾವು ಆರಿಸಿದ್ದು ಬ್ಲ್ಯಾಕ್ ವಾಚ್, ಕಡು ಹಸಿರು ಮತ್ತು ನೀಲಿಯ ಚೌಕುಳಿ. ತಮ್ಮದೇ ಚೌಕುಳಿಯಿರುವ ಸ್ಕಾಟ್ಲೆಂಡಿನ ಯಾವ ಕುಲಕ್ಕೂ ಸೇರದವರು ಕೂಡ ಅದನ್ನು ತೊಡಬಹುದು. ಅಂಗಡಿಯಲ್ಲಿ ಸಿಗುವ ಪಿನ್ನುಗಳಲ್ಲಿ ಬಹುಪಾಲು ಪುಟ್ಟ ಕತ್ತಿಯ ಆಕಾರದವು, ಹಿಡಿಯ ಬಳಿ ಸ್ಕಾಟ್ಲೆಂಡಿನ ಮುಳ್ಳುಹೂ. ಚೆನ್ನಾಗಿಯೇ ಇರುತ್ತವೆ. ಒಂದನ್ನು ಕೊಳ್ಳಲು ಹೊರಟೂ ಇದ್ದೆವು.

ಮನಸ್ಸು ಬದಲಾದದ್ದು ಬೀಗರ ಮನೆಯಲ್ಲಿ. ಅವರು ಫೈಫ್ ಕರಾವಳಿಯ ಆನ್‌ಸ್ಟ್ರದರಿನವರು, ಮೀನುಗಾರರ ಮನೆತನ. ಅವರ ಕಿಲ್ಟಿನ ಮೇಲೆ ಕತ್ತಿಯಿರಲಿಲ್ಲ. ಹಸಿರು ಕಟ್ಟಿದ, ಚೌಕ ಮೈಯ ಒಂದು ತಾಮ್ರದ ಮೊಳೆ ಇತ್ತು. ಅವರ ತಂದೆಯ ದೋಣಿ ಒಡೆದಾಗ ಹಲಗೆಯಿಂದ ಕಿತ್ತಿಟ್ಟುಕೊಂಡದ್ದು. ಹಲಗೆಯ ಮೇಲೆ ಹಲಗೆಯ ಅಂಚು ಬರುವಂತೆ ಕಟ್ಟುವ ದೋಣಿಗಳಲ್ಲಿ ತಾಮ್ರದ ಮೊಳೆಯನ್ನು ಎರಡೂ ಹಲಗೆಗೆ ತೂರಿಸಿ, ಆಚೆ ಬದಿಯಲ್ಲಿ ತಾಮ್ರದ ಬಿಲ್ಲೆ ಇಟ್ಟು, ಉಳಿದ ತುದಿ ಕತ್ತರಿಸಿ ಸುತ್ತಿಗೆಯಿಂದ ಬಡಿದು ಮಡಿಸುತ್ತಾರೆ. ಬೆಂಕಿಯಿಲ್ಲ, ಅಂಟಿಲ್ಲ. ಬೀಗರು ಇದನ್ನೆಲ್ಲ ಊಟದ ಮೇಜಿನ ಮೇಲೆ ಚಮಚ ಇಟ್ಟು ವಿವರಿಸಿದರು. ಬೀಗಿತ್ತಿ ಒಳಗಿನಿಂದ ಒಂದು ಡಬ್ಬಿ ತಂದು, ಮಗಳು ಕೂಸಾಗಿದ್ದಾಗ ಶಾಲಿಗೆ ಚುಚ್ಚುತ್ತಿದ್ದ ಲಕನ್‌ಬೂತ್ ತೋರಿಸಿದರು. ಹೃದಯದ ಆಕಾರದ ಸಣ್ಣ ಬೆಳ್ಳಿ ಪಿನ್ನು, ಮೇಲೊಂದು ಕಿರೀಟ. ಎಡಿನ್‌ಬರಾದ ಸೇಂಟ್ ಜೈಲ್ಸ್ ಚರ್ಚಿನ ಪಕ್ಕದಲ್ಲಿದ್ದ, ಬೀಗ ಹಾಕುವ ಮಳಿಗೆಗಳಿಂದ ಅದಕ್ಕೆ ಆ ಹೆಸರು. ಮಗುವಿಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ಚುಚ್ಚುತ್ತಿದ್ದರಂತೆ.

ಅದನ್ನು ನೋಡುತ್ತಲೇ ನನ್ನ ಬೀರುವಿನಲ್ಲಿದ್ದ ಉಡಿದಾರ ನೆನಪಾಯಿತು.

ಅದು ನಮ್ಮಪ್ಪನಿಗೆ ಮಾಡಿಸಿದ್ದು. ಆಮೇಲೆ ನನ್ನ ತಮ್ಮನ ಸೊಂಟಕ್ಕೆ ಬಂತು. ನನ್ನ ಬಾಣಂತನಕ್ಕೆ ಅಮ್ಮ ಶಿರಸಿಯಿಂದ ಎಡಿನ್‌ಬರಾಗೆ ಬಂದಾಗ ಅಂಟಿನುಂಡೆಯ ಡಬ್ಬಿಯ ಜೊತೆಗೆ ಅದನ್ನೂ ತಂದಿದ್ದರು. ತೆಳು ಬೆಳ್ಳಿ ಸರಪಳಿ, ತುದಿಯಲ್ಲಿ ಒಂದು ಕೊಂಡಿ, ಇನ್ನೊಂದು ತುದಿಯಲ್ಲಿ ಮಗು ಬೆಳೆದಂತೆ ಸಡಿಲಿಸಲು ಮೂರು ಉಂಗುರ. ನನ್ನ ಮಗ ತೆವಳಲು ಶುರುಮಾಡಿದ ಮೇಲೆ ಸರಪಳಿ ಎರಡು ಕಡೆ ಕಡಿದುಹೋಗಿತ್ತು.

ನಾನು ಬೆಳ್ಳಿ ಕೆಲಸವನ್ನು ಸಂಜೆಯ ತರಗತಿಯಲ್ಲಿ ಕಲಿಯುತ್ತಾ ಆಗ ಆರು ವರ್ಷವಾಗಿತ್ತು. ಉಡಿದಾರದಿಂದ ಪಿನ್ನು ಮಾಡುತ್ತೇನೆ ಎಂದಾಗ ಅಮ್ಮ ಫೋನಿನಲ್ಲಿ, “ಕರಗಿಸಿ ಹೊಸದಾಗಿ ಮಾಡು, ಹರಿದ ಸರಪಳಿ ಇಟ್ಟುಕೊಂಡು ಏನು ಮಾಡುತ್ತೀಯ? ನನ್ನ ಸರದ ಎರಡು ಚಿನ್ನದ ಗುಂಡು ಕಳಿಸುತ್ತೇನೆ, ಅದನ್ನೂ ಸೇರಿಸು” ಎಂದರು. ಆಮೇಲೆ, “ಅದನ್ನು ಎಲ್ಲಿ ಹಾಕಿಕೊಳ್ಳುತ್ತಾನೆ?” ಎಂದು ಕೇಳಿದರು. ತೊಡೆಯ ಕೆಳಗೆ ಬರುತ್ತದೆ ಎಂದೆ. “ಹಾಗಾದರೆ ಚಿನ್ನ ಬೇಡ. ಸೊಂಟದ ಕೆಳಗೆ ಬೆಳ್ಳಿಯೇ ಸರಿ.”

ಚಿನ್ನದ ಮಾತು ಅಲ್ಲಿಗೆ ಮುಗಿಯಿತು. ಕರಗಿಸುವ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ಕೊಂಡಿಯ ಒಳ ಬಾಗು, ಉಂಗುರ ಉಜ್ಜಿ ಉಜ್ಜಿ, ಅರ್ಧದಷ್ಟು ಸವೆದಿತ್ತು. ಮೂರು ಉಂಗುರಗಳಲ್ಲಿ ನಡುವಿನದು ಎಲ್ಲಕ್ಕಿಂತ ತೆಳುವಾಗಿತ್ತು. ಮೂರು ಗಂಡುಮಕ್ಕಳು ಹೊರಳಿ, ತೆವಳಿ, ಎದ್ದು ಓಡಿ ಆದ ಸವೆತ ಅದು. ಮೂಸೆಗೆ ಹಾಕಿದರೆ ಬೆಳ್ಳಿಯ ತೂಕ ಉಳಿಯುತ್ತದೆ, ಆ ಸವೆತ ಹೋಗುತ್ತದೆ. ನನಗೆ ಬೇಕಿದ್ದುದು ಸವೆತವೇ.

ಸರಪಳಿಯನ್ನು ಹಾಗೆಯೇ ಪಿನ್ನಿನಿಂದ ಇಳಿಬಿಡೋಣ ಎಂದು ಮೊದಲು ಚಿತ್ರ ಬರೆದಿದ್ದೆ. ಕಾಗದದ ಮೇಲೆ ಬಹಳ ಚೆಂದ ಕಾಣಿಸಿತು. ಆದರೆ ತೂಗಾಡುವ ಸರಪಳಿ ಉಣ್ಣೆಯ ಎಳೆಗೆ ಸಿಕ್ಕಿ ಬಟ್ಟೆಯನ್ನು ಕೀಳುತ್ತದೆ. ಇಡೀ ಉಡಿದಾರ 40 ಗ್ರಾಂ ತೂಗುತ್ತಿತ್ತು. ಅಷ್ಟು ಭಾರ ಒಂದೇ ಕಡೆ ಜೋತರೆ ಪಿನ್ನಿನ ತೂತು ಹಿಗ್ಗುತ್ತದೆ. ನೆನಪಿನ ವಸ್ತುವಿನಿಂದ ಪಿನ್ನು ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂದು ಈಗ ನನಗೆ ಅನಿಸುತ್ತದೆ. ಎಲ್ಲವನ್ನೂ ಅದರಲ್ಲಿಯೇ ಸೇರಿಸಬೇಕೆನ್ನುವ ಆಸೆ. ನಾನು ಕೊಂಡಿ ಮತ್ತು ನಡುವಿನ ಉಂಗುರ, ಎರಡನ್ನು ಮಾತ್ರ ಆರಿಸಿಕೊಂಡೆ.

ಪಿನ್ನಿನ ಮೈಗೆ 925 ಬೆಳ್ಳಿಯ ತಗಡು ತಂದೆ. 75 ಮಿಲಿಮೀಟರ್ ಉದ್ದ, 10 ಅಗಲ, ಒಂದೂವರೆ ದಪ್ಪ. ಗರಗಸದಿಂದ ಕೊಯ್ದು, ಅಂಚುಗಳನ್ನು ಅರದಿಂದ ಉಜ್ಜಿ, ಕೈಗೆ ಎಲ್ಲಿಯೂ ತಾಗದಂತೆ ಮಾಡಿದೆ. ಇದು ಒಂದು ಸಂಜೆಯ ಕೆಲಸ.

ಕೊಂಡಿಯನ್ನು ಕೂಡಿಸುವುದು ಹೇಗೆ ಎಂಬುದರಲ್ಲಿ ನಾಲ್ಕು ವಾರ ಹೋಯಿತು. ಬೆಸುಗೆ ಹಾಕುವುದೆಂದು ಹೊರಟೆ. ಪುಣ್ಯಕ್ಕೆ ಮೊದಲು ಕೊನೆಯ ಉಂಗುರದ ಮೇಲೆ ಪರೀಕ್ಷೆ ಮಾಡಿದೆ. ಬಿಳಿಗಾರ ಹಚ್ಚಿ, ಜ್ವಾಲೆ ಹಿಡಿದು, ಬೆಳ್ಳಿ ಇನ್ನೂ ಮಂಕು ಕೆಂಪಿಗೆ ಬರುತ್ತಿರುವಾಗಲೇ ಉಂಗುರದ ಕೂಡು ಜಾಗ ಕುಸಿದು, ಕಣ್ಣೆದುರೇ ಬಿಚ್ಚಿ ಮುದ್ದೆಯಾಯಿತು. ಹಳೆಯ ಬೆಸುಗೆ ಬೆಳ್ಳಿಗಿಂತ ತುಂಬ ಮೊದಲೇ ಕರಗುವಂಥದ್ದಾಗಿತ್ತು. ಹಳೆಯ ಒಡವೆಯಲ್ಲಿ ಬೆಳ್ಳಿಗೆ ಏನೇನು ಬೆರೆತಿದೆ, ಯಾವ ಬೆಸುಗೆ ಹಾಕಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆ ಮುದ್ದೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆ ಸಂಜೆ ಮತ್ತೆ ಕೆಲಸ ಮುಟ್ಟಲು ಮನಸ್ಸಾಗಲಿಲ್ಲ.

ಬೀಗರ ಮೊಳೆ ನೆನಪಾದದ್ದು ಆಮೇಲೆ. ಬೆಂಕಿ ತಾಗಿಸದೆ ಕೂಡಿಸಬಹುದಲ್ಲವೇ? ಕೊಂಡಿಯ ಬುಡದಲ್ಲಿ ಸರಪಳಿ ಪೋಣಿಸಲು ಚಪ್ಪಟೆಯಾದ ಒಂದು ಕಿವಿಯಿತ್ತು, ಅದರಲ್ಲಿ ತೂತೂ ಇತ್ತು. ಅಂದರೆ ಹಳೆಯ ಬೆಳ್ಳಿಗೆ ಹೊಸದಾಗಿ ಒಂದು ತೂತು ಕೊರೆಯಬೇಕಾಗಿಯೂ ಇರಲಿಲ್ಲ. ಬೀಗರಿಗೆ ಫೋನು ಮಾಡಿ ಕೇಳಿದೆ. ತಂದೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಮೊಳೆಗಳನ್ನು ಅವರು ಅಂಚೆಯಲ್ಲಿ ಕಳಿಸಿದರು.

ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹಾಗೆ ಮಾಡಿ, ಚೌಕ ಮೈಯನ್ನು ಅರದಿಂದ ಉಜ್ಜಿ ಎರಡು ಮಿಲಿಮೀಟರಿನ ದುಂಡು ಕಡ್ಡಿಯಾಗಿಸಿದೆ. ಪಿನ್ನಿನ ಹಿಂಬದಿಯ ಕೆಳ ತುದಿಯಲ್ಲಿ ಕೊಂಡಿ, ಮುಂಬದಿಯ ನಡುವಿನಲ್ಲಿ ಉಂಗುರ. ಉಂಗುರದ ಮೇಲೆ ಒಂದು ಪುಟ್ಟ ಬೆಳ್ಳಿ ಬಿಲ್ಲೆ ಇಟ್ಟು, ಅದರ ನಡುವೆ ತಾಮ್ರ ತೂರಿಸಿದೆ. ತೂತಿನಿಂದ ಹೊರಗೆ ಕಡ್ಡಿಯ ದಪ್ಪದ ಅರ್ಧದಷ್ಟು ಮಾತ್ರ ಉಳಿಸಬೇಕು. ಹೆಚ್ಚು ಬಿಟ್ಟರೆ ಬಡಿದಾಗ ಬಾಗುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. ಅಡಿಗಲ್ಲಿನ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನ ಸುತ್ತ ಮೆಲ್ಲಗೆ ಬಡಿಯುತ್ತಾ ಹೋದರೆ ತಾಮ್ರ ತಾನಾಗಿ ಅಣಬೆಯಂತೆ ಹರಡಿಕೊಳ್ಳುತ್ತದೆ.

ಬಟ್ಟೆಗೆ ಚುಚ್ಚಿ ಕೊಂಡಿಗೆ ಸಿಕ್ಕಿಸುವ ಕಡ್ಡಿಸೂಜಿಯಲ್ಲಿ ಇನ್ನೊಂದು ಪಾಠ ಸಿಕ್ಕಿತು. ಮೊದಲು ಬೆಳ್ಳಿಯದ್ದೇ ಹಾಕಿದ್ದೆ. ದಪ್ಪ ಉಣ್ಣೆಗೆ ಚುಚ್ಚುವಾಗ ಬಾಗಿತು. ತೆಗೆದು ಸ್ಟೀಲಿನದು ಹಾಕಿದೆ. ತುದಿಯನ್ನು ಸೂಜಿಯಷ್ಟು ಚೂಪು ಮಾಡಬಾರದು. ಸ್ವಲ್ಪ ಮೊಂಡಾಗಿ, ಕನ್ನಡಿಯಂತೆ ನುಣುಪಾಗಿ ಉಜ್ಜಿದರೆ ಅದು ಎಳೆಗಳನ್ನು ಕತ್ತರಿಸದೆ ಸರಿಸಿಕೊಂಡು ಹೋಗುತ್ತದೆ. ಸೂಜಿಯ ಕೀಲು ಮೇಲೆ, ಕೊಂಡಿ ಕೆಳಗೆ ಇರಬೇಕು. ಕೊಂಡಿ ಅಕಸ್ಮಾತ್ ಬಿಟ್ಟುಕೊಂಡರೂ ಪಿನ್ನಿನ ಭಾರ ಸೂಜಿಯನ್ನು ಬಟ್ಟೆಯೊಳಕ್ಕೇ ಇಳಿಸುತ್ತದೆ. ತಿರುವುಮುರುವಾಗಿದ್ದರೆ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತದೆ.

ಮುಗಿದಾಗ 18 ಗ್ರಾಂ ತೂಗಿತು. ಮಾರಾಟಕ್ಕಲ್ಲದ ಕಾರಣ ಬೆಳ್ಳಿಯನ್ನು ಪರೀಕ್ಷಿಸಿ ಹಾಕುವ, ಎಡಿನ್‌ಬರಾದ ಕೋಟೆಯ ಚಿತ್ರದ ಮುದ್ರೆ ಹಾಕಿಸುವ ಅಗತ್ಯವಿರಲಿಲ್ಲ. ಹುಣಸೆಹಣ್ಣಿನ ನೀರಿನಲ್ಲಿ ತೊಳೆದೆ. ಹೊಳಪು ಕೊಟ್ಟದ್ದು ಹೊಸ ತಗಡಿಗೆ ಮಾತ್ರ. ಉಂಗುರವನ್ನೂ ಕೊಂಡಿಯನ್ನೂ ಮುಟ್ಟಲಿಲ್ಲ.

ಮದುವೆಯ ದಿನ ಆನ್‌ಸ್ಟ್ರದರಿನ ಬಂದರಿನ ಕಟ್ಟೆಯ ಮೇಲೆ ಫೋಟೋ ತೆಗೆಯುತ್ತಿದ್ದರು. ಪ್ರಯಾಣ ಮಾಡಲಾಗದ ಅಮ್ಮ ವಿಡಿಯೋ ಕರೆಯಲ್ಲಿದ್ದರು. ಮಗ ಮೊಬೈಲನ್ನು ಕಿಲ್ಟಿನ ಹತ್ತಿರ ಹಿಡಿದು ಪಿನ್ನು ತೋರಿಸಿದ.

“ಕೊಂಡಿ ಎಲ್ಲಿದೆಯೋ? ಕಾಣಿಸುತ್ತಿಲ್ಲವಲ್ಲ.”

“ಹಿಂದೆ ಇದೆ ಅಜ್ಜಿ,” ಎಂದು ಅವನು ಪಿನ್ನನ್ನೇ ಬಿಚ್ಚಿ ತಿರುಗಿಸಿ ಹಿಡಿದ. ಸಮುದ್ರದ ಗಾಳಿಗೆ ಹೊರ ಪದರ ಪಟಪಟನೆ ಎದ್ದಿತು. ಬೀಗರು ಓಡಿ ಬಂದು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಅಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಮುಂಬದಿ ತೋರಿಸಲು ಹೇಳಿದರು.

“ಅದು ನಡುವಿನ ಉಂಗುರವಲ್ಲವೇ? ನೀನು ಹೊಸಿಲು ದಾಟುವಾಗ ಹಾಕುತ್ತಿದ್ದುದು ಅದಕ್ಕೇ.”