ಮಿಡಿ ಉಪ್ಪಿನಕಾಯಿಗೆ ಒಂದು ನಿಮಿಷದ ವಿಡಿಯೊ ಮಾಡಿಸುವುದು ಹೇಗೆ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ಅಪ್ಪೆಮಿಡಿ (ಘಮದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ತೊಡದೇವು (ಕಬ್ಬಿನ ಹಾಲಿನ ತೆಳ್ಳನೆಯ ಸಿಹಿತಿನಿಸು), ಹಲಸಿನ ಹಪ್ಪಳ ಮಾಡಿ ಮಾರುವ ಮನೆ ಉದ್ದಿಮೆಗಳು ಬೇಕಾದಷ್ಟಿವೆ. ಊರಾಚೆಯ ಗಿರಾಕಿಗಾಗಿ ವೃತ್ತಿಪರರಿಂದ ವಿಡಿಯೊ ಮಾಡಿಸಲು ಹೊರಟರೆ ಸಾಮಾನ್ಯವಾಗಿ ಕೈಗೆ ಬರುವುದು ಇಷ್ಟು: ಡ್ರೋನಿನಿಂದ ಕಂಡ ಅಡಿಕೆ ತೋಟ, ನಡುವೆ ಯಾಣದ ಬಂಡೆ, ಹಿನ್ನೆಲೆಗೆ ಚೆಂಡೆ, ಕೊನೆಯ ಐದು ಸೆಕೆಂಡು ಬಾಟಲಿ. ಉಪ್ಪಿನಕಾಯಿಗೂ ಯಾಣಕ್ಕೂ ಏನು ಸಂಬಂಧವೋ! ನೋಡಿದವರು ಲೈಕ್ ಒತ್ತುತ್ತಾರೆ, ಆರ್ಡರ್ ಮಾಡುವುದಿಲ್ಲ. ಕ್ಯಾಮೆರಾ ಮನೆಗೆ ಬರುವ ಮೊದಲು ಆಗಬೇಕಾದ ಕೆಲಸ ಆಗಿಲ್ಲದಿದ್ದರೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಕತೆ ಇಷ್ಟೇ.

ಮೊದಲು ಒಂದು ಪ್ರಶ್ನೆ ಆರಿಸಿ

ವಾಟ್ಸ್ಆ್ಯಪ್ ತೆರೆದು ಗಿರಾಕಿಗಳು ದುಡ್ಡು ಕಳಿಸುವ ಮೊದಲು ಏನು ಕೇಳಿದ್ದಾರೆ ಎಂದು ಬರೆದುಕೊಳ್ಳಿ. ‘ಎಣ್ಣೆ ಹಾಕ್ತೀರಾ?’, ‘ಮಿಡಿ ಮೆತ್ತಗಾಗಲ್ವಾ?’, ‘ಕೊರಿಯರಲ್ಲಿ ಬಾಟ್ಲಿ ಒಡೆಯಲ್ವಾ?’ ಯಾವುದು ಹೆಚ್ಚು ಸಲ ಬಂದಿದೆಯೋ ಅದಕ್ಕೆ ಉತ್ತರವೇ ನಿಮ್ಮ ವಿಡಿಯೊ. ಹೋಮ್‌ಸ್ಟೇ ಇದ್ದವರಿಗೆ ‘ಮಳೆಗಾಲದಲ್ಲಿ ಕಾರು ಮನೆತನಕ ಬರುತ್ತಾ?’ ಎಂಬುದೇ ದೊಡ್ಡ ಪ್ರಶ್ನೆಯಾಗಿರಬಹುದು. ಹಾಗಿದ್ದರೆ ಮಳೆಯಲ್ಲಿ ಕಾರು ಅಂಗಳಕ್ಕೆ ಬಂದು ನಿಲ್ಲುವುದನ್ನೇ ತೋರಿಸಿ. ಒಂದೇ ವಿಡಿಯೊದಲ್ಲಿ ನಾಲ್ಕು ಪ್ರಶ್ನೆಗೆ ಉತ್ತರಿಸಲು ಹೋದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಹಂಗಾಮು ನೋಡಿ ದಿನ ಗೊತ್ತುಮಾಡಿ

ಆಗಸ್ಟ್‌ನಲ್ಲಿ ತಂಡವನ್ನು ಕರೆಸಿದರೆ ತೋರಿಸಲು ಭರಣಿ ಬಿಟ್ಟು ಬೇರೇನೂ ಇರುವುದಿಲ್ಲ. ಅಪ್ಪೆಮಿಡಿ ಬೇಸಿಗೆಯ ಆರಂಭದಲ್ಲಿ ಬಂದು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಮುರುಗಲು (ಕೋಕಂ) ಹಣ್ಣಾಗುವುದು ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ. ಕಬ್ಬಿನ ಹಾಲಿನ ತೊಡದೇವಿಗೆ ಆಲೆಮನೆಯ ಹಂಗಾಮು, ಅಂಕೋಲೆಯ ಕರಿ ಈಶಾಡಿ ಮಾವಿಗೆ ಮೇ ತಿಂಗಳು. ಆದ್ದರಿಂದ ಮಿಡಿ ವಿಡಿಯೊಗೆ ಜನವರಿಯಲ್ಲೇ ತಂಡದೊಂದಿಗೆ ಮಾತಾಡಿ. ದಿನ ನಿಗದಿಪಡಿಸುವಾಗ ಎರಡು ಭಾಗ ಮಾಡಿಕೊಂಡರೆ ಒಳ್ಳೆಯದು: ಕೊಯ್ಲಿಗೂ ಉಪ್ಪಿಗೆ ಹಾಕುವುದಕ್ಕೂ ಅರ್ಧ ದಿನ, ಮಿಡಿ ಉಪ್ಪಿನಲ್ಲಿ ಮುರುಟಿದ ಮೇಲೆ ಮಸಾಲೆ ಬೆರೆಸುವುದಕ್ಕೆ ಇನ್ನರ್ಧ ದಿನ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟಕ್ಕೆ ಹಸಿ ಮಿಡಿಗೇ ಮಸಾಲೆ ಸುರಿದು ತೋರಿಸಿದರೆ, ತಿಳಿದವರು ಕಮೆಂಟಿನಲ್ಲೇ ಹಿಡಿದುಹಾಕುತ್ತಾರೆ.

ಸ್ಕ್ರಿಪ್ಟ್

ಹಾಳೆಯ ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಅರವತ್ತು ಸೆಕೆಂಡಿಗೆ ನೂರು ಪದ ಮೀರಬಾರದು. ಶಾಟ್‌ಗಳು ಹದಿನೈದರಿಂದ ಹದಿನೆಂಟು. ಮೊದಲ ಮೂರು ಸೆಕೆಂಡಿನಲ್ಲಿ ಲೋಗೊ, ನಮಸ್ಕಾರ ಬೇಡ. ‘ಮೆತ್ತಗಾಗಲ್ವಾ?’ ಎಂಬುದು ಪ್ರಶ್ನೆಯಾದರೆ ವಿಡಿಯೊ ಶುರುವಾಗಬೇಕಾದದ್ದು ಹಳೆಯ ಭರಣಿಯಿಂದ ತೆಗೆದ ಮಿಡಿಯನ್ನು ಕಟಕ್ಕೆಂದು ಕಚ್ಚುವ ಸದ್ದಿನಿಂದ. ಆಮೇಲೆ ಕಾರಣ ತೋರಿಸಿ: ನೆಲಕ್ಕೆ ಬೀಳಿಸದೆ ತೊಟ್ಟು ಸಮೇತ ಕೊಯ್ಯುವುದು, ಪೆಟ್ಟು ಬಿದ್ದದ್ದನ್ನು ಬೇರೆ ಮಾಡುವುದು, ಉಪ್ಪಿನ ಪದರ, ಮುರುಟಿದ ಮಿಡಿ, ಮಸಾಲೆ, ಬಾಟಲಿ. ಹೇಳುವವರು ಉಪ್ಪಿನಕಾಯಿ ಹಾಕುವ ಅಕ್ಕನೇ ಆಗಲಿ. ಬರೆದದ್ದನ್ನು ಓದಿಸಬೇಡಿ, ಪ್ರಶ್ನೆ ಕೇಳಿ, ಅವರದೇ ಮಾತಿನಲ್ಲಿ ಉತ್ತರ ಬರಲಿ.

ಸ್ಕ್ರಿಪ್ಟ್ ಮುಗಿದ ಮೇಲಷ್ಟೇ ಕೊಟೇಶನ್ ಕೇಳಿ. ಎಷ್ಟು ಜನ ಬರುತ್ತಾರೆ, ಪ್ರಯಾಣ ಮತ್ತು ಊಟ ಯಾರದು, ಜಿಎಸ್‌ಟಿ ಸೇರಿದೆಯೇ, ಎಷ್ಟು ಸಲ ತಿದ್ದಿಕೊಡುತ್ತಾರೆ (ಎರಡು ಸಲ ಸಾಕು) ಎಂಬುದೆಲ್ಲ ಬರಹದಲ್ಲಿರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟು ಮಾಡಿಸಿದವರೇ ಆ ಚಿತ್ರದ ಮೊದಲ ಹಕ್ಕುದಾರರು. ಆದರೆ ಕಚ್ಚಾ ದೃಶ್ಯಗಳ ಹಾರ್ಡ್‌ಡಿಸ್ಕ್ ಇರುವುದು ತಂಡದ ಬಳಿ. ಅದರ ಪ್ರತಿ ನಿಮಗೆ ಸಿಗುತ್ತದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಸಂಗೀತ ವಾಣಿಜ್ಯ ಬಳಕೆಯ ಲೈಸೆನ್ಸ್ ಇರುವುದೇ ಆಗಬೇಕು. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನಲ್ಲಿ ಹಕ್ಕಿನ ತಕರಾರು ಬಂದು ವಿಡಿಯೊ ಬ್ಲಾಕ್ ಆಗಬಹುದು.

ಚಿತ್ರೀಕರಣದ ದಿನ

ನಮ್ಮ ಅಡುಗೆಮನೆಗಳಲ್ಲಿ ಮೊದಲ ತೊಂದರೆ ಬೆಳಕು. ಕಿಟಕಿಯ ಬಿಸಿಲು ಮತ್ತು ಟ್ಯೂಬ್‌ಲೈಟ್ ಎರಡೂ ಸೇರಿದರೆ ಮಸಾಲೆಯ ಕೆಂಪು ಮಾಸಿ, ಮುಖ ಹಸಿರಾಗುತ್ತದೆ. ಟ್ಯೂಬ್ ಆರಿಸಿ. ಕೆಲಸ ಮಾಡುವವರನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ನೆರಳು ತಿಳಿಯಾಗುತ್ತದೆ. ಎಣ್ಣೆಯ ಹೊಳಪು, ಒಗ್ಗರಣೆಯ ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಎಲ್‌ಇಡಿ ಹಾಕಲೇಬೇಕಾಗಿ ಬಂದು ಚಿತ್ರದಲ್ಲಿ ಪಟ್ಟಿಗಳು ಓಡಿದರೆ ಕಾರಣ ವಿದ್ಯುತ್ತಿನ ಆವರ್ತನ. ನಮ್ಮಲ್ಲಿ ಅದು 50 ಹರ್ಟ್ಸ್. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡು ಇಟ್ಟರೆ ಹೆಚ್ಚಿನ ಕಡೆ ಮಿಣುಕು ನಿಲ್ಲುತ್ತದೆ.

ತೋಟದಲ್ಲಿ ನಡುಹಗಲಿನ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಮೋಡದ ದಿನವೇ ಮೇಲು. ಕರಾವಳಿಯ ಲೆಕ್ಕ ಬೇರೆ. ಕಡಲು ಪಶ್ಚಿಮಕ್ಕಿರುವುದರಿಂದ ಸಮುದ್ರಕ್ಕೆ ಮುಖ ಮಾಡಿದ ಹೋಮ್‌ಸ್ಟೇಯ ಮುಂಭಾಗಕ್ಕೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಕಡಲನ್ನು ಹಿನ್ನೆಲೆಯಾಗಿಟ್ಟು ಮಾತಾಡಿಸುವುದಾದರೆ ಬೆಳಗ್ಗೆ ಮುಗಿಸಿ, ಸಂಜೆಯಾದರೆ ಮುಖ ಕಪ್ಪಾಗುತ್ತದೆ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾದ ಲೆನ್ಸ್ ಮೇಲೆ ಕಾರವಾರದ ತೇವದ ಗಾಳಿಗೆ ಹಬೆ ಕೂರುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗಿನೊಳಗೇ ಹೊರಗಿಡಲು ಹೇಳಿ.

ಚಿತ್ರ ತುಸು ಕೆಟ್ಟರೆ ಜನ ಸಹಿಸುತ್ತಾರೆ, ಸದ್ದು ಕೆಟ್ಟರೆ ಮುಂದಕ್ಕೆ ಹೋಗುತ್ತಾರೆ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು, ಕರಿಮಣಿ ಉಜ್ಜದಂತೆ ನೋಡಿಕೊಳ್ಳಿ. ರೆಕಾರ್ಡಿಂಗ್ ಸದ್ದಿನ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಫ್ಯಾನ್, ಫ್ರಿಜ್ ಆಫ್ ಮಾಡಿಸಿ. ಕಡಲ ಗಾಳಿಗೆ ಮೈಕಿನ ಮೇಲೆ ತುಪ್ಪಳದ ಕವಚ ಬೇಕೇ ಬೇಕು. ಘಟ್ಟದ ಮೇಲೆ ಜೀರುಂಡೆಯ ಕಾಟವನ್ನು ಎಡಿಟಿಂಗಿನಲ್ಲಿ ಪೂರ್ತಿ ತೆಗೆಯಲಾಗದು, ಮಾತನ್ನು ಒಳಗೇ ರೆಕಾರ್ಡ್ ಮಾಡಿ. ಕರೆಂಟ್ ಹೋಗುವುದು ಹೊಸತಲ್ಲ, ಬ್ಯಾಟರಿ ಲೈಟ್ ತರಲು ಹೇಳಿರಿ.

ಪ್ರತಿ ಕೆಲಸವನ್ನೂ ದೂರದಿಂದ, ಮಧ್ಯದಿಂದ, ಕೈ ಮಾತ್ರ ಕಾಣುವಂತೆ ಹತ್ತಿರದಿಂದ, ಹೀಗೆ ಮೂರು ಸಲ, ಹತ್ತತ್ತು ಸೆಕೆಂಡು ತೆಗೆಯಲಿ. ತಲೆಗೆ ಕ್ಯಾಪ್ ಇಲ್ಲದೆ ಭರಣಿಗೆ ಕೈ ಹಾಕಿದ ದೃಶ್ಯ, ಹಳೆಯ ದರದ ಲೇಬಲ್, ಹಿಂದಿನ ಕ್ಯಾಲೆಂಡರ್ ಇವೆಲ್ಲ ಆಮೇಲೆ ಕಣ್ಣಿಗೆ ಬೀಳುವಂಥವು. ಒಬ್ಬರನ್ನು ಇದನ್ನು ನೋಡುವುದಕ್ಕೇ ನಿಲ್ಲಿಸಿ. ಮುರುಗಲು ಕುಡಿದರೆ ಇಂಥ ಕಾಯಿಲೆ ವಾಸಿ ಎಂದು ಹೇಳಿಸುವ ಆಸೆ ಬೇಡ. ಆಹಾರದ ಜಾಹೀರಾತಿನಲ್ಲಿ ಅಂಥ ಮಾತಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮಾವಳಿಯಲ್ಲಿ ಅವಕಾಶವಿಲ್ಲ.

ಡ್ರೋನ್ ಬೇಕೇ ಬೇಕು ಎನ್ನುವವರಿಗೆ: 250 ಗ್ರಾಂ ಮೀರಿದ ಡ್ರೋನನ್ನು ವ್ಯಾಪಾರಕ್ಕಾಗಿ ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಜಿಲ್ಲೆಯಲ್ಲಿ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಇವೆ. ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಆ ಜಾಗ ಕೆಂಪು ವಲಯವೇ (ಅನುಮತಿ ಇಲ್ಲದೆ ಹಾರಿಸಬಾರದ ಜಾಗವೇ) ಎಂದು ನೋಡದೆ ಹಾರಿಸಲು ಬಿಡಬೇಡಿ.

ಎಡಿಟಿಂಗ್, ಬಿಡುಗಡೆ

ಅಡ್ಡದ ಒಂದು ನಿಮಿಷದ ಪ್ರತಿ, ಮೊಬೈಲ್ ನೆಟ್ಟಗೆ ಹಿಡಿದು ನೋಡುವ ಉದ್ದದ 30 ಸೆಕೆಂಡಿನದು (1080×1920), 15 ಸೆಕೆಂಡಿನದು, ಜೊತೆಗೆ ಅಕ್ಷರವೂ ಸಂಗೀತವೂ ಇಲ್ಲದ ಪ್ರತಿ. ಇಷ್ಟನ್ನು ಕೇಳಿ ಪಡೆಯಿರಿ. ಕೊನೆಯದು ಇದ್ದರೆ ಮುಂದೆ ಕೊಂಕಣಿಗೋ ಮರಾಠಿಗೋ ದನಿ ಕೊಡಿಸುವುದು ಸುಲಭ. ಸದ್ದಿಲ್ಲದೆ ನೋಡುವವರೂ ಇರುವುದರಿಂದ ಮಾತೆಲ್ಲ ಅಕ್ಷರದಲ್ಲೂ ಇರಲಿ. ಉದ್ದದ ವಿಡಿಯೊದಲ್ಲಿ ಅಕ್ಷರವನ್ನು ತೀರ ಕೆಳಗೆ ಹಾಕಿದರೆ ಆ್ಯಪ್‌ನ ಬಟನ್‌ಗಳ ಹಿಂದೆ ಮುಚ್ಚಿಹೋಗುತ್ತದೆ; ಕೆಳಗಿನ ಕಾಲುಭಾಗ ಖಾಲಿ ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ.

ಬಾಟಲಿ ಸ್ಟಾಕ್, ಸೋರದ ಪ್ಯಾಕಿಂಗ್ ಸಿದ್ಧವಾದ ಮೇಲೆಯೇ ಬಿಡುಗಡೆ ಮಾಡಿ. ಆರ್ಡರಿಗೆ ವಿಡಿಯೊದಲ್ಲಿ ಬೇರೆಯದೇ ನಂಬರ್ ಕೊಟ್ಟರೆ ಎಷ್ಟು ಕರೆ ಅದರಿಂದ ಬಂತು ಎಂಬ ಲೆಕ್ಕ ಸಿಗುತ್ತದೆ. ಎರಡು ವಾರದ ನಂತರ ಯೂಟ್ಯೂಬ್‌ನಲ್ಲಿ ಜನ ಎಷ್ಟನೇ ಸೆಕೆಂಡಿಗೆ ಬಿಟ್ಟು ಹೋಗುತ್ತಿದ್ದಾರೆ ಎಂದು ತೋರಿಸುವ ಗ್ರಾಫಿನ ಗೆರೆ ನೋಡಿ. ಐದನೇ ಸೆಕೆಂಡಿನೊಳಗೇ ಅದು ಕುಸಿದಿದ್ದರೆ ಪೂರ್ತಿ ವಿಡಿಯೊ ಮತ್ತೆ ಮಾಡಿಸಬೇಕಿಲ್ಲ. ಕಚ್ಚಾ ದೃಶ್ಯಗಳಿಂದ ಬೇರೊಂದು ಆರಂಭ ಕೂಡಿಸಿಕೊಡಲು ಹೇಳಿ, ಹೊಸ ಪ್ರತಿಯಾಗಿ ಏರಿಸಿ.