ನೂರನೇ ದಿನದ ಹಬ್ಬ: ನಾಲ್ಕನೇ ವರ್ಷಕ್ಕೆ ಕೈಗೂಡಿತು

ಕಳೆದ ವರ್ಷ ನನ್ನ ಎರಡನೇ ತರಗತಿಯಲ್ಲಿ ಶಾಲೆ ಶುರುವಾಗಿ ನೂರನೇ ದಿನವನ್ನು ಆಚರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ತರಗತಿಯ ಸಹೋದ್ಯೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಂದು ದಿನದ ಪಾಠ ಹಾಳು" ಎಂದು ಮೂರು ವರ್ಷ ಹೇಳುತ್ತಾ ಬಂದವರು ಅವರೇ. ಈ ವರ್ಷ ಅವರ ತರಗತಿಯಲ್ಲೂ ಕಡ್ಡಿ ಎಣಿಕೆ, ಅಂದರೆ ದಿನಕ್ಕೊಂದು ಕಡ್ಡಿ ಹಾಕಿ ಶಾಲೆಯ ದಿನಗಳನ್ನು ಎಣಿಸುವುದು, ಶುರುವಾಗಿದೆ. ಇದನ್ನು ಬರೆಯುವ ಹುರುಪು ಬಂದದ್ದು ಅದರಿಂದಲೇ.

ಮೊದಲ ವರ್ಷ ಎಲ್ಲವನ್ನೂ ಕೊಂಡು ತಂದಿದ್ದೆ. ಬಲೂನು, ಕಾಗದದ ಕಿರೀಟ, ಬ್ಯಾಡ್ಜ್, ಮೂವತ್ತಾರು ಉಡುಗೊರೆ. ಸಂಬಳದ ಸುಮಾರು ಕಾಲು ಭಾಗ ಒಂದೇ ದಿನಕ್ಕೆ ಕರಗಿತು. ಕಿರೀಟಗಳು ಊಟದ ಬಿಡುವಿಗೆ ಮೊದಲೇ ಹರಿದಿದ್ದವು. ದುಡ್ಡು ಹೋದದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಪ್ರತಿ ಮಗುವೂ ಮನೆಯಿಂದ ನೂರು ವಸ್ತು ತರಬೇಕು ಎಂದು ಹೇಳಿ ಕಳುಹಿಸಿದ್ದೆ. ಕೆಲವರ ಮನೆಯಲ್ಲಿ ಅಪ್ಪ ಅಮ್ಮ ರಾತ್ರಿಯೆಲ್ಲ ಕುಳಿತು ಬಟ್ಟೆಯ ಮೇಲೆ ನೂರು ಗುಂಡಿ ಹೊಲಿದು ಕೊಟ್ಟಿದ್ದರು. ಒಬ್ಬ ಹುಡುಗಿ ಚೀಲದಲ್ಲಿ ನಲವತ್ತೋ ಐವತ್ತೋ ಕಲ್ಲು ತಂದಿದ್ದಳು. ಬೇರೆಯವರದ್ದನ್ನು ನೋಡಿ ಆ ಚೀಲವನ್ನು ಮೆಲ್ಲಗೆ ಡೆಸ್ಕಿನ ಕೆಳಗೆ ತಳ್ಳಿದಳು. ಆ ಕೈ ಈಗಲೂ ನನ್ನ ಕಣ್ಣ ಮುಂದಿದೆ.

ಎರಡನೇ ವರ್ಷ ಏಳು ಚಟುವಟಿಕೆ ಮೂಲೆ ಮಾಡಿ, ಒಂದೊಂದಕ್ಕೆ ಹತ್ತು ನಿಮಿಷ ಕೊಟ್ಟೆ. ಮೂರನೇ ಸರದಿಯ ಹೊತ್ತಿಗೆ ಯಾರು ಎಲ್ಲಿರಬೇಕೆಂದು ಯಾರಿಗೂ ತಿಳಿಯದಾಯಿತು. ಮೂರನೇ ವರ್ಷ ಹೆದರಿ ಒಂದೇ ಗಂಟೆಗೆ ಇಳಿಸಿದೆ. "ಇಷ್ಟೇನಾ ಟೀಚರ್?" ಎಂದು ಒಬ್ಬ ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ನೂರನೇ ದಿನದ ಹಬ್ಬ ಶುರುವಾಗಬೇಕಾದದ್ದು ಮೊದಲನೇ ದಿನ ಎಂಬುದು ಆಮೇಲೆ ಹೊಳೆಯಿತು. ಹಾಜರಿ ಮುಗಿದ ಕೂಡಲೇ ಬಿಡಿ ಡಬ್ಬಿಗೆ ಒಂದು ಕಡ್ಡಿ, ಹತ್ತಾದರೆ ಕಟ್ಟು ಕಟ್ಟಿ ಹತ್ತರ ಡಬ್ಬಿಗೆ. ಇದು ಚಿಕ್ಕ ತರಗತಿಯ ಶಿಕ್ಷಕರಿಗೆಲ್ಲ ಗೊತ್ತಿರುವುದೇ. ನಾನು ಬದಲಿಸಿದ್ದು ಒಂದನ್ನು ಮಾತ್ರ: ಕಟ್ಟುವ ಕೆಲಸವನ್ನು ಪೂರ್ತಿ ಮಕ್ಕಳಿಗೆ ಬಿಟ್ಟೆ. ಹಿಂದೆಲ್ಲ ವಾರದ ಕೊನೆಗೆ ನಾನೇ ಅಚ್ಚುಕಟ್ಟಾಗಿ ಕಟ್ಟಿಡುತ್ತಿದ್ದೆ, ಹಾಗಾಗಿ ಅದು ನನ್ನ ಎಣಿಕೆಯಾಗಿಯೇ ಉಳಿದಿತ್ತು. ಅರವತ್ತರ ಆಸುಪಾಸಿನಲ್ಲಿ ಒಮ್ಮೆ ಗೋಡೆಯಲ್ಲಿ ಬರೆದ ದಿನದ ಸಂಖ್ಯೆ 63, ಡಬ್ಬಿಗಳಲ್ಲಿ ಕಡ್ಡಿ 62 ಆಯಿತು. ಮಕ್ಕಳು ಹಾಜರಿ ಪುಸ್ತಕವನ್ನೇ ಬಿಡಿಸಿಕೊಂಡು ಕುಳಿತರು. ನಾನು ರಜೆ ಹಾಕಿದ್ದ ದಿನ ಕಡ್ಡಿ ಬಿದ್ದಿರಲಿಲ್ಲ. ಪತ್ತೆಗೆ ಅರ್ಧ ಗಂಟೆಯಾದರೂ ಹಿಡಿಯಿತು. ಅಂದಿನಿಂದ ಡಬ್ಬಿಗೆ ಅವರೇ ಕಾವಲು.

ವಸ್ತುಗಳ ವಿಷಯಕ್ಕೂ ದಾರಿ ಸಿಕ್ಕಿತು. ಒಬ್ಬರಿಗೆ ಹತ್ತೇ ವಸ್ತು. ಎಲೆ, ಕಲ್ಲು, ಮುಚ್ಚಳ, ಏನಾದರೂ ಸರಿ, ದುಡ್ಡು ಕೊಟ್ಟು ತರುವಂತಿಲ್ಲ. ಹತ್ತು ಮಕ್ಕಳು ಸೇರಿದರೆ ಒಂದು ನೂರು. ಮೂವತ್ತಾರು ಮಕ್ಕಳಿಂದ ಮೂರು ನೂರು ತುಂಬಿ ಅರವತ್ತು ಉಳಿಯಿತು. ನಾಲ್ಕನೇ ನೂರಕ್ಕೆ ಇನ್ನೆಷ್ಟು ಬೇಕು ಎಂದು ನಾನು ಕೇಳುವ ಮೊದಲೇ ಇಬ್ಬರು ಅಂಗಳಕ್ಕೆ ಓಡಿದ್ದರು.

ಮೂಲೆಗಳು ನಾಲ್ಕು, ತಲಾ ಒಂಬತ್ತು ಮಕ್ಕಳು, ಇಪ್ಪತ್ತೈದು ನಿಮಿಷ. ಎಲ್ಲಕ್ಕಿಂತ ಗೆದ್ದದ್ದು ನೂರು ಹನಿಯ ಮೂಲೆ. ನೂರು ಹನಿ ನೀರು ಲೋಟದಲ್ಲಿ ಎಲ್ಲಿಯವರೆಗೆ ಬರುತ್ತದೆಂದು ಮೊದಲೇ ಗೆರೆ ಎಳೆಯಬೇಕು. ಬಹುತೇಕರು ಅರ್ಧ ಲೋಟಕ್ಕೆ ಎಳೆದರು, ಒಬ್ಬಳು ಕಂಠದವರೆಗೆ. ಡ್ರಾಪರ್‌ನಿಂದ ಒಂದೊಂದೇ ಎಣಿಸಿ ಬಿಟ್ಟಾಗ ತಳ ನೆನೆಯಿತು, ಅಷ್ಟೆ. ಸುಮಾರು ಐದು ಮಿಲಿಲೀಟರ್, ಒಂದು ಟೀ ಚಮಚ. ಒಬ್ಬ ನಂಬದೆ ಬೇರೆ ಡ್ರಾಪರ್ ಹಿಡಿದು ಮತ್ತೆ ಮೊದಲಿನಿಂದ ಎಣಿಸಿದ. ನೂರು ಹಾಳೆ ಜೋಡಿಸಿದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಅದೂ ಅವರಿಗೆ ಅನ್ಯಾಯವಾಗಿ ಕಂಡಿತು. ಕಾಗದದ ಸರಪಳಿ ಮಾತ್ರ ನೂರಕ್ಕೆ ಮರ್ಯಾದೆ ತಂದಿತು. ಇಪ್ಪತ್ತು ಸೆಂಟಿಮೀಟರ್‌ನ ನೂರು ಪಟ್ಟಿಗಳನ್ನು ಬಳೆಯಂತೆ ಸುತ್ತಿ ಕೋದರೆ ಸುಮಾರು ಐದೂವರೆ ಮೀಟರ್ ಬರಬೇಕು. ಮಕ್ಕಳು ಅಂಟಿಗಾಗಿ ತುದಿಗಳನ್ನು ಒಂದರ ಮೇಲೊಂದು ಹೆಚ್ಚು ಸರಿಸಿದ್ದರಿಂದ ಐದರ ಹತ್ತಿರ ನಿಂತಿತು. ನಾಲ್ಕನೆಯದು ಮಕ್ಕಳು ತಂದ ವಸ್ತುಗಳನ್ನೇ ಹತ್ತು ಹತ್ತಾಗಿ ಜೋಡಿಸುವ ಮೂಲೆ.

ನಡುವೆ ಕಣ್ಣು ಮುಚ್ಚಿಸಿ, ನೂರು ಸೆಕೆಂಡ್ ಆಯಿತೆನಿಸಿದಾಗ ಕೈ ಎತ್ತಲು ಹೇಳಿದೆ. ಮೊದಲ ಕೈ ನಲವತ್ತಕ್ಕೇ ಎದ್ದಿತು, ಕೊನೆಯದು ಎರಡು ನಿಮಿಷ ದಾಟಿದ ಮೇಲೆ. ಇದನ್ನು ಈಗ ತಿಂಗಳಿಗೊಮ್ಮೆ ಮಾಡಿಸುತ್ತಿದ್ದೇನೆ, ಅಂದಾಜು ನಿಧಾನವಾಗಿ ಹತ್ತಿರ ಬರುತ್ತಿದೆ.

ಕೊನೆಗೆ ಎಲ್ಲರೂ ಕಾಯುತ್ತಿದ್ದ ಘಳಿಗೆ. ಒಂಬತ್ತು ಕಟ್ಟು, ಒಂಬತ್ತು ಬಿಡಿ ಕಡ್ಡಿ, ಅದಕ್ಕೆ ಒಂದು ಸೇರಿತು. ಹತ್ತನೇ ಕಟ್ಟನ್ನು ಕಟ್ಟಿ, ಹತ್ತನ್ನೂ ಒಟ್ಟು ಮಾಡಿ ದಪ್ಪ ರಬ್ಬರ್ ಬ್ಯಾಂಡ್ ಎಳೆದಾಗ ಅದು ಪಟ್ಟನೆ ಹರಿಯಿತು. ಹಳೆಯ ಒಳ ಬ್ಯಾಂಡ್‌ಗಳೂ ಕೆಲವು ಕಿತ್ತುಬಂದು ಕಡ್ಡಿಗಳು ನೆಲದ ತುಂಬ ಚೆಲ್ಲಿದವು. ನನ್ನ ಎದೆ ಧಸಕ್ಕೆಂದಿತು. ಮಕ್ಕಳು ಮಾತ್ರ ಮಂಡಿಯೂರಿ ಆಯ್ದು, ಹತ್ತು ಹತ್ತಾಗಿ ಕಟ್ಟತೊಡಗಿದರು. ಒಂಬತ್ತು ಕಟ್ಟು, ಎಂಟು ಬಿಡಿ. "ಎರಡು ಕಡಿಮೆ!" ಎಂದು ತರಗತಿಯೇ ಕೂಗಿತು. ಎರಡೂ ಪುಸ್ತಕದ ಕಪಾಟಿನ ಅಡಿಯಲ್ಲಿ ಸಿಕ್ಕವು, ಹತ್ತೂ ಕಟ್ಟು ಒಂದಾಗಿ ನೂರರ ಡಬ್ಬಿ ಸೇರಿದವು. ಬಿಡಿ, ಹತ್ತು, ನೂರರ ಸ್ಥಾನಬೆಲೆಗೆ ಅಷ್ಟು ಒಳ್ಳೆಯ ಪಾಠವನ್ನು ನಾನು ಎಂದೂ ಮಾಡಿರಲಿಲ್ಲ. ಇನ್ನು ಮುಂದೆ ಬೇಕೆಂದೇ ಚೆಲ್ಲುವುದೆಂದು ತೀರ್ಮಾನಿಸಿದ್ದೇನೆ.

ಕೊಂಡದ್ದು ಆ ಬ್ಯಾಂಡ್‌ಗಳ ಪೊಟ್ಟಣ ಒಂದೇ. ಡ್ರಾಪರ್‌ಗಳು ಪ್ರಯೋಗಾಲಯದಿಂದ ಎರವಲು ಬಂದವು, ಸರಪಳಿಗೆ ಹಳೆಯ ಕ್ಯಾಲೆಂಡರ್ ಹಾಳೆಗಳಾದವು. ಕೂಗಾಡದೆ ಮೂಲೆ ಬದಲಿಸುವುದಕ್ಕೆ ನನ್ನದೊಂದು ಉಪಾಯವಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ತೆರೆಯುವ ಮುಚ್ಚಿದ ಪೆಟ್ಟಿಗೆಯಲ್ಲಿ ಏನಿತ್ತೆಂಬುದನ್ನೂ ಹೇಳುವುದಿಲ್ಲ, ಆ ಮಕ್ಕಳ ತಮ್ಮ ತಂಗಿಯರು ನನ್ನ ತರಗತಿಗೇ ಬರುವವರು.

ಮರುದಿನ ಬೆಳಿಗ್ಗೆ ಬಿಡಿ ಡಬ್ಬಿಗೆ ಒಂದು ಕಡ್ಡಿ ಬಿತ್ತು. ನೂರ ಒಂದನ್ನು ಬರೆಯಿರಿ ಎಂದೆ. ಹಿಂದಿನ ವರ್ಷಗಳಲ್ಲಿ ಅರ್ಧ ತರಗತಿ 1001 ಎಂದು ಬರೆಯುತ್ತಿತ್ತು. ಈ ಸಲ ಹಾಗೆ ಬರೆದವರು ನಾಲ್ಕೈದು ಜನ. ಅವರಲ್ಲೊಬ್ಬನ ಪಕ್ಕದಲ್ಲಿದ್ದವಳು ಅವನ ಕೈ ಹಿಡಿದು ಡಬ್ಬಿಗಳ ಬಳಿ ಕರೆದೊಯ್ದಳು. ಹತ್ತರ ಡಬ್ಬಿಯನ್ನು ಅವನ ಮುಂದೆ ಬೋರಲು ಹಾಕಿ, "ನೋಡು, ಇದರಲ್ಲಿ ಏನೂ ಇಲ್ಲ, ಅದಕ್ಕೇ ಇಲ್ಲಿ ಒಂದೇ ಸೊನ್ನೆ" ಎಂದಳು.